ಮಕರವೂ ತಾಟೆಯೂ

ಭಗವದ್ಗೀತೆಯ ವಿಭೂತಿಯೋಗದಲ್ಲಿ ಭಗವಂತನು ಮೀನುಗಳೊಳಗೆ ತನ್ನನ್ನು ಮಕರವೆಂದು ಹೇಳಿಕೊಂಡಿರುವುದು ವಾಚಕರಿಗೆ ವಿದಿತವೇ ಆಗಿದೆ. ಈ ಮಕರವನ್ನು ಆಂಗ್ಲ ಭಾಷಾಂತರಕಾರರಲ್ಲಿ ಹಲವರು 'ಶಾರ್ಕ್' ಎಂದು ತಿರುಗಿಸಿದರು. ಮತ್ತೆ ಕೆಲವರು ಮೊಸಳೆಯೆಂದರು. ಅವರನ್ನನುಸರಿಸಿ ತರಗತಿಗಳಲ್ಲಿಯೂ ಮಕರವೆಂದರೆ ಮನುಷ್ಯರನ್ನು ತಿನ್ನುವ ಶಾರ್ಕ್ ಮೀನೆಂದು ಅರ್ಥ ಹೇಳುವುದುಂಟು. ಈ ಅರ್ಥವು ಎಷ್ಟರ ಮಟ್ಟಿಗೆ ಸಾಧು, ಅದರೊಡನೆ ಅಂಟಿಕೊಂಡು ಬರುವ ನರಭಕ್ಷಕನ ಕಲ್ಪನೆಯು ನಮ್ಮ ಕಡಲದೋ ಪರರ ಕಡಲದೋ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಅಮರಕೋಶದ ವಾರಿವರ್ಗವು ತಿಮಿಂಗಿಲಾದಿಗಳನ್ನು ಮೀನುಗಳ ಸಾಲಿಗೆ ಸೇರಿಸಿ, ಶಿಶುಮಾರ, ಮಕರ ಮೊದಲಾದವನ್ನು ಬೇರೆ ಜಲಜಂತುಗಳೆಂದು ಎಣಿಸಿದೆ. ಹೊಯ್ಸಳ ಶಿಲ್ಪಿಗಳು ಹಳೇಬೀಡಿನ ಗೋಡೆಗಳ ಮೇಲೆ ಸಾಲಾಗಿ ಕಡೆದ ಮಕರಕ್ಕಾದರೋ ಆನೆಯ ಸೊಂಡಿಲುಂಟು, ಕಾಲುಗಳುಂಟು, ನವಿಲಿನಂತೆ ಹರಡಿದ ಬಾಲವುಂಟು. ಅದು ಕಡಲನ್ನು ಕಂಡು ಕಡೆದ ಪ್ರಾಣಿಯಲ್ಲ. ನೀರಿನಲ್ಲಿ ಕಾಲು ಹಿಡಿದೆಳೆಯುವ ಜಂತುವಿನ ಭಯವು ನಮ್ಮ ಕಥೆಗಳಲ್ಲಿ ಇಲ್ಲದಿಲ್ಲ. ಆದರೆ ಗಜೇಂದ್ರನನ್ನು ಹಿಡಿದ ಗ್ರಾಹವು ಸರೋವರದ್ದು, ಬಾಲಶಂಕರರನ್ನು ಹಿಡಿದ ನಕ್ರವು ಹೊಳೆಯದ್ದು. ಘಟ್ಟದ ಮೇಲಿನ ಕವಿಗೆ ಭಯವೆಂದರೆ ಮೊಸಳೆಯೇ ಎಂದು ನಮಗೆ ತೋರುತ್ತದೆ.

ಇನ್ನು ಘಟ್ಟದ ಕೆಳಗಣ ಮಾತು. ಮಂಗಳೂರಿನ ಶಕ್ತಿನಗರವು ಕಡಲ ದಂಡೆಯ ಬೀದಿಯಲ್ಲ. ನಗರದ ಪೂರ್ವಭಾಗದ ಏರುನೆಲದಲ್ಲಿರುವ ಬಡಾವಣೆ. ವಿಶ್ವ ಕೊಂಕಣಿ ಕೇಂದ್ರವೂ ಕಲಾಂಗಣವೂ ಇಲ್ಲಿಯೇ ಇರುವುದರಿಂದ ಭಾಷಾಜಿಜ್ಞಾಸುಗಳಿಗೆ ಇದು ಪರಿಚಿತ ಸ್ಥಳ. ಇಂತಹ ಬಡಾವಣೆಯಲ್ಲಿ ಒಂದೇ ಮೀನನ್ನು ತುಳುವರು ತಾಟೆ ಎನ್ನುವರು, ಕೊಂಕಣಿಗರು ಮೋರಿ ಎನ್ನುವರು; ಮಲೆಯಾಳದಿಂದ ಬಂದವರಿಗೆ ಅದು ಸ್ರಾವು, ತಮಿಳರಿಗೆ ಸುರಾ. ಗ್ರಾಂಥಿಕ ಕನ್ನಡವೊಂದೇ ಆಂಗ್ಲ ಶಬ್ದವನ್ನು ಎರವಲು ತಂದುಕೊಂಡಿದೆ! ಈ ದೇಶ್ಯ ಶಬ್ದಗಳಲ್ಲಿ ಒಂದಕ್ಕಾದರೂ ಕೊಲೆಗಡುಕನೆಂಬ ಧ್ವನಿಯಿಲ್ಲ. ಅವು ಅಡುಗೆಮನೆಯ ಶಬ್ದಗಳು. ತಾಟೆಯ ಮಾಂಸದಲ್ಲಿ ಯೂರಿಯಾ ಎಂಬ ವಸ್ತುವು ತುಂಬಿರುವುದರಿಂದ ಹಳತಾದೊಡನೆ ಘಾಟು ನಾತ ಬರುವುದು. ಹುಳಿ ಖಾರಗಳನ್ನು ಧಾರಾಳವಾಗಿ ಹಾಕುವ ಪದಾರ್ಥಗಳು ಅದಕ್ಕೆ ಒಪ್ಪುವುದು ಇದರಿಂದಲೇ ಇರಬೇಕು. ಮರಿತಾಟೆಯು ಬಾಣಂತಿಯರಿಗೆ ಹಾಲು ಹೆಚ್ಚಿಸುವುದೆಂಬ ನಂಬಿಕೆಯಿಂದ ತಮಿಳರು ಒಂದು ಜಾತಿಯನ್ನು 'ಪಾಲ್ ಸುರಾ' ಎಂದೇ ಕರೆದಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಪರದೇಶದ ಕಾಡ್ ಮೀನಿನೆಣ್ಣೆ ಬರುವುದು ನಿಂತಾಗ, ಅಂದಿನ ಮದರಾಸು ಸರಕಾರವು ಕಲ್ಲಿಕೋಟೆಯಲ್ಲಿ ಶಾರ್ಕಿನ ಪಿತ್ತಜನಕಾಂಗದಿಂದ ಎಣ್ಣೆ ತೆಗೆಯಿಸಿತು.

ಹಾಗಾದರೆ ದಕ್ಷಿಣದ ಕಡಲಿಗರಿಗೆ ಭಯವೇ ಇರಲಿಲ್ಲವೆ? ಇತ್ತು, ಆದರೆ ಅದಕ್ಕೆ ವಿಧಿಯೂ ಇತ್ತು. ಮನ್ನಾರ್ ಕೊಲ್ಲಿಯ ಮುತ್ತಿನ ಮುಳುಗುಗಾರರು ದೊಡ್ಡ ಮೀನುಗಳನ್ನು ಮಂತ್ರದಿಂದ ಕಟ್ಟುವವರಿಗೆ ಸಿಕ್ಕಿದ ಮುತ್ತಿನಲ್ಲಿ ಇಪ್ಪತ್ತರಲ್ಲೊಂದು ಪಾಲು ಕೊಡುತ್ತಿದ್ದರೆಂದೂ, ಮಂತ್ರವು ಹಗಲಿಗೆ ಮಾತ್ರ ಸಲ್ಲುತ್ತಿದ್ದು ಇರುಳಿಗೆ ಬಿಡಿಸಲ್ಪಡುತ್ತಿತ್ತೆಂದೂ ೧೩ನೆಯ ಶತಮಾನದ ಮಾರ್ಕೊ ಪೋಲೊ ಬರೆದಿದ್ದಾನೆ. ಇರುಳಿನಲ್ಲಿ ಕಳ್ಳರು ಮುಳುಗದಿರಲೆಂಬ ಜಾಣತನವು ಇದರಲ್ಲಿ ಅಡಗಿದೆ. ಐನೂರಕ್ಕೂ ಹೆಚ್ಚು ವರ್ಷಗಳ ಮೇಲೆಯೂ ಈ ವೃತ್ತಿಯು ಅಳಿದಿರಲಿಲ್ಲ. ಸಿಂಹಳದ ವಿಷಯವಾಗಿ ೧೮೫೯ರಲ್ಲಿ ಗ್ರಂಥ ಬರೆದ ಎಮರ್ಸನ್ ಟೆನೆಂಟನು, ಆಗಿನ ಮಂತ್ರಗಾರ ಮನೆತನದ ಯಜಮಾನನು ರೋಮನ್ ಕೆಥೊಲಿಕನಾಗಿದ್ದನೆಂದು ತಿಳಿಸುತ್ತಾನೆ. ತಾನು ಹೋದಾಗ ಆತನು ಕಾಯಿಲೆಯಿಂದ ಮಲಗಿದ್ದು, ಅವನು ಕಳುಹಿಸಿದ ಪ್ರತಿನಿಧಿಯು ತನಗೆ ಮಂತ್ರವು ಬಾರದಿದ್ದರೂ ಯಜಮಾನನ ಕಡೆಯವನೆಂಬ ಮರ್ಯಾದೆಯನ್ನು ಮೀನುಗಳು ಕಾಣಿಸುವುವೆಂದು ಹೇಳಿದನಂತೆ! ಬ್ರಿಟಿಷರ ಆಳಿಕೆ ಬಂದ ಮೇಲೆ ಅಲ್ಲಿ ಖಚಿತವಾಗಿ ತಿಳಿದುಬಂದ ಅಪಾಯವು ಒಂದಕ್ಕಿಂತ ಹೆಚ್ಚಿಲ್ಲವೆಂದೂ ಟೆನೆಂಟನೇ ಒಪ್ಪಿದ್ದಾನೆ. ಮಂತ್ರವು ಕಟ್ಟುತ್ತಿದ್ದುದು ಮೀನಿನ ಬಾಯನ್ನಲ್ಲ, ಮುಳುಗುವವನ ಎದೆಯ ನಡುಕವನ್ನು.

ನಮ್ಮ ದೇಶದಲ್ಲಿ ಸ್ನಾನಕ್ಕಿಳಿದವರು ನಿಜವಾಗಿ ಶಾರ್ಕಿನಿಂದ ಸತ್ತುದು ಹೆಚ್ಚಾಗಿ ಕಲ್ಕತ್ತೆಯ ಹೂಗ್ಲಿ ನದಿಯಲ್ಲಿ. 'ಭಾರತದ ಮೀನುಗಳು' ಎಂಬ ಮಹಾಗ್ರಂಥವನ್ನು ೧೮೭೫ರಿಂದ ೧೮೭೮ರ ವರೆಗೆ ಪ್ರಕಟಿಸಿದ ಫ್ರಾನ್ಸಿಸ್ ಡೇ ಎಂಬ ವೈದ್ಯನು ಈ ಕೃತ್ಯಗಳನ್ನು ಗಂಗಾ ಶಾರ್ಕಿನ ತಲೆಗೆ ಕಟ್ಟಿದನು. ಗಂಗಾ ಶಾರ್ಕಿನ ಕೆಳದವಡೆಯ ಹಲ್ಲುಗಳು ಸಣ್ಣ ಮೀನು ಹಿಡಿಯಲು ತಕ್ಕ ಕಿರಿದಾದ ಹಲ್ಲುಗಳೆಂದೂ, ಅಪರಾಧಿಯು ಪ್ರಾಯಶಃ ಸಿಹಿನೀರಿಗೂ ಏರಿ ಬರುವ ಬುಲ್ ಶಾರ್ಕ್ ಎಂಬ ಬೇರೆ ಜಾತಿಯೆಂದೂ ಈಚಿನ ಪ್ರಾಣಿಶಾಸ್ತ್ರಜ್ಞರು ಎಣಿಸುತ್ತಾರೆ. ೨೦೨೪ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ವೈತರಣಾ ನದಿಯಲ್ಲಿ ಒಬ್ಬನ ಕಾಲನ್ನು ಕಚ್ಚಿದುದೂ ಬುಲ್ ಶಾರ್ಕೇ. ಹೆಸರಿನ ತಪ್ಪಿನಿಂದ ಅಪಕೀರ್ತಿ ಹೊತ್ತ ಗಂಗಾ ಶಾರ್ಕಾದರೋ ಇಂದು ಅಳಿವಿನ ಅಂಚಿನಲ್ಲಿದೆ.

ನರಭಕ್ಷಕನ ಕಲ್ಪನೆಯು ಜಗತ್ತಿನಲ್ಲಿ ಹಬ್ಬಿದುದು ಮತ್ತೊಂದು ದಾರಿಯಿಂದ. ಅಮೆರಿಕದಲ್ಲಿ ಹಿಂದೆ ವಿದ್ವಾಂಸರು ಶಾರ್ಕಿನ ವಿಷಯದಲ್ಲಿ ಅತಿಯಾದ ಧೈರ್ಯವನ್ನೇ ತಾಳಿದ್ದರು. ಉತ್ತರದ ತಣ್ಣೀರಿನಲ್ಲಿ ಶಾರ್ಕ್ ಮನುಷ್ಯನನ್ನು ಕಚ್ಚಿದುದಕ್ಕೆ ಸಾಕ್ಷ್ಯ ತಂದವರಿಗೆ ಐನೂರು ಡಾಲರುಗಳೆಂದು ಹರ್ಮನ್ ಓಲ್ರಿಕ್ಸ್ ಎಂಬ ಧನಿಕನು ೧೮೯೧ರಲ್ಲಿ ಸಾರಿದ ಬಹುಮಾನವನ್ನು ಯಾರೂ ಪಡೆಯಲಿಲ್ಲ. ಶಾರ್ಕಿಗೆ ಮನುಷ್ಯನ ಕಾಲಿನ ಎಲುಬನ್ನು ತುಂಡರಿಸುವ ಬಲವಿಲ್ಲವೆಂಬ ವಾದವು ೧೯೧೬ರಲ್ಲಿಯೂ ಅಚ್ಚಾಯಿತು. ಅದೇ ವರ್ಷ ಜುಲೈ ೧ರಿಂದ ೧೨ರೊಳಗೆ ನ್ಯೂ ಜೆರ್ಸಿಯ ತೀರದಲ್ಲಿ ನಾಲ್ವರು ಸತ್ತು ಒಬ್ಬನು ಗಾಯಗೊಂಡನು. ಹಿಂದಿನ ಧೈರ್ಯವು ಎಷ್ಟು ಕುರುಡಾಗಿತ್ತೋ ಮುಂದಿನ ಭಯವೂ ಅಷ್ಟೇ ಕುರುಡಾಯಿತು. ೧೯೭೪ರ 'ಜಾಸ್' ಕಾದಂಬರಿ, ಮರುವರ್ಷದ ಅದರ ಚಲಚ್ಚಿತ್ರ, ಇವುಗಳಿಂದ ಆ ಭಯವು ಕಡಲನ್ನು ಕಾಣದ ಊರುಗಳಿಗೂ ತಲಪಿತು. ಆ ಕಾದಂಬರಿಕಾರನಾದ ಪೀಟರ್ ಬೆಂಚ್ಲಿಯೇ ಮುಂದೆ ಶಾರ್ಕುಗಳ ರಕ್ಷಣೆಗಾಗಿ ಲೇಖನಿ ಹಿಡಿದನು.

ಇಂದು ಜಗತ್ತಿನಲ್ಲೆಲ್ಲ ಕೆಣಕದೆಯೇ ಶಾರ್ಕಿನ ಕಡಿತಕ್ಕೆ ಗುರಿಯಾಗುವವರು ವರ್ಷಕ್ಕೆ ಸುಮಾರು ೬೦–೭೦ ಮಂದಿ. ಸಾಯುವವರು ೬ರ ಆಸುಪಾಸು. ಪಣಂಬೂರು, ಸೋಮೇಶ್ವರಗಳಲ್ಲಿ ನೀರಿಗಿಳಿಯುವವರು ಅಂಜಬೇಕಾದುದು ತೆರೆಯ ಸೆಳೆತಕ್ಕೆ. ಅತ್ತ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆಯು ೧೯೭೦ರಿಂದ ೨೦೧೮ರೊಳಗೆ ನೂರರಲ್ಲಿ ೭೧ರಷ್ಟು ಇಳಿದಿದೆಯೆಂದು ೨೦೨೧ರಲ್ಲಿ ಲೆಕ್ಕ ಹಾಕಲಾಯಿತು.

ಇದರಿಂದ ಸಾಹಿತ್ಯವ್ಯಾಖ್ಯಾನಕ್ಕೂ ಒಂದು ತೊಡಕು ಒದಗಿದೆ. ಸಂಗಂ ಕಾಲದ 'ಪಟ್ಟಿನಪ್ಪಾಲೈ' ಕಾವ್ಯದಲ್ಲಿ ಮೀನುಗಾರರು ಬಸಿರಾದ ಸುರಾಮೀನಿನ ಕೊಂಬನ್ನು ನೆಟ್ಟು ದೈವವೆಂದು ಪೂಜಿಸುವ ವರ್ಣನೆಯಿದೆ. ಶಾರ್ಕಿಗೆ ಕೊಂಬೆಲ್ಲಿಯದು? ತೊರಕೆಯ ಬಳಗದ ಗರಗಸ ಮೀನಿನ ಹಲ್ಲುಳ್ಳ ಮೂತಿಯೇ ಆ ಕೊಂಬೆಂದು ತಿಳಿದರೆ ಅರ್ಥವು ಸರಿಹೊಂದುತ್ತದೆ. ಅಲ್ಲಿಯೂ ಭಯವುಂಟು, ಆದರೆ ಅದು ದೈವದ ಮುಂದೆ ತಲೆಬಾಗುವ ಭಯ. ಆ ಗರಗಸ ಮೀನನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಬಲೆಗೆ ಬೀಳುವುದೇ ಈಗ ಅಪರೂಪ. ಗೀತೆಯ ಮಕರವನ್ನು ಮಕರವೆಂದೇ ಬಿಟ್ಟು, ಪಾಠಪುಸ್ತಕದ ಶಾರ್ಕಿಗೆ ತಾಟೆಯೆಂಬ ಹೆಸರನ್ನು ಜೊತೆಗಿಡುವುದು ನಮ್ಮ ಅಭಿಪ್ರಾಯದಲ್ಲಿ ಯುಕ್ತ. ತುಳುನಾಡಿನ ಮಕ್ಕಳಿಗೆ ಆ ಶಬ್ದವನ್ನು ಪ್ರತ್ಯೇಕವಾಗಿ ಕಲಿಸಬೇಕಾದ ಅಗತ್ಯವಿಲ್ಲ.