ಸೋಮಾರಿತನ ಎನ್ನುವ ಮುನ್ನ ಕೂಲಿಯ ಲೆಕ್ಕ ನೋಡಿ

‘ಈಗಿನವರಿಗೆ ಮೈಬಗ್ಗಿಸಿ ದುಡಿಯುವ ಮನಸ್ಸೇ ಇಲ್ಲ’ ಎಂಬ ಮಾತು ಗದ್ದೆಯ ಬದುವಿನಲ್ಲೂ ಕೇಳುತ್ತದೆ, ಕಂಪನಿಯ ಕ್ಯಾಬಿನ್ನಿನಲ್ಲೂ ಕೇಳುತ್ತದೆ. ಸಮಾಜಶಾಸ್ತ್ರಕ್ಕೆ ಇದು ಉತ್ತರವಲ್ಲ, ಪ್ರಶ್ನೆ. ದರ ಕಟ್ಟುವವರು ಯಾರು, ದುಡ್ಡು ಯಾವ ಲೆಕ್ಕದಲ್ಲಿ ಬರುತ್ತದೆ, ಜೊತೆಗಾರರು ಏನನ್ನುತ್ತಾರೆ ಎಂದು ತಿಳಿಯದೆ ಯಾರ ಸ್ವಭಾವದ ಬಗ್ಗೆಯೂ ಅದು ತೀರ್ಪು ಕೊಡುವುದಿಲ್ಲ.

ಇದಕ್ಕೆ ಅಮೆರಿಕದ ಶಿಕಾಗೋ ಬಳಿಯ ಯಂತ್ರ ಕಾರ್ಖಾನೆಯೊಂದರ ಕಥೆ ಒಳ್ಳೆಯ ಉದಾಹರಣೆ. 1944ರಲ್ಲಿ ಸಮಾಜಶಾಸ್ತ್ರದ ಸಂಶೋಧಕ ಡೊನಾಲ್ಡ್ ರಾಯ್ ಅಲ್ಲಿ ಡ್ರಿಲ್ಲಿಂಗ್ ಮಷೀನಿನ ಮುಂದೆ ಕೂಲಿಗೆ ನಿಂತರು. ಪ್ರಶ್ನಾವಳಿ ಹಂಚಲಿಲ್ಲ. ಸುಮಾರು 11 ತಿಂಗಳು ಎಲ್ಲರಂತೆ ದುಡಿದು, ದಿನದ ಕೆಲಸ ಮುಗಿದ ಮೇಲೆ ನೆನಪಿನಿಂದ ಟಿಪ್ಪಣಿ ಬರೆದಿಟ್ಟರು. ಅಲ್ಲಿದ್ದದ್ದು ಪೀಸ್ ರೇಟ್, ಅಂದರೆ ತುಂಡಿಗಿಷ್ಟು ಎಂಬ ಲೆಕ್ಕ. ಎಷ್ಟೇ ಕಡಿಮೆ ಮಾಡಿದರೂ ಗಂಟೆಗೊಂದು ಕನಿಷ್ಠ ಕೂಲಿ ಖಾತರಿಯಿತ್ತು.

ದರ ಚೆನ್ನಾಗಿರುವ ಕೆಲಸ ಸಿಕ್ಕಾಗ ಕಾರ್ಮಿಕರು ತಾವೇ ಹಾಕಿಕೊಂಡ ಮಿತಿ ಮುಟ್ಟಿದೊಡನೆ ಕೈ ನಿಧಾನ ಮಾಡುತ್ತಿದ್ದರು. ದರ ಕೆಟ್ಟದಾಗಿರುವ ಕೆಲಸ ಬಂದರೆ ಮೊದಲಿಂದಲೇ ಕಾಲ ತಳ್ಳುತ್ತಿದ್ದರು. ಮ್ಯಾನೇಜರನ ಕಣ್ಣಿಗೆ ಎರಡೂ ಸೋಮಾರಿತನವೇ. ಕಾರ್ಮಿಕರ ಲೆಕ್ಕ ಬೇರೆ: ಹೆಚ್ಚು ಗಳಿಸಿ ತೋರಿಸಿದರೆ ಕೆಲಸದ ಹೊತ್ತು ಅಳೆಯಲು ಗಡಿಯಾರ ಹಿಡಿದವನು ಬಂದು ದರ ಇಳಿಸುತ್ತಾನೆ, ಎಷ್ಟು ಬೆವರು ಸುರಿಸಿದರೂ ಕನಿಷ್ಠ ಕೂಲಿ ದಾಟದ ಕೆಲಸಕ್ಕೆ ಒದ್ದಾಡುವುದು ದಂಡ. ನನ್ನನ್ನು ಕೇಳಿದರೆ, ಆ ಕಾರ್ಖಾನೆಯ ಲೆಕ್ಕಾಧಿಕಾರಿಗಿಂತ ಇವರೇ ಜಾಣರು.

ಮೂವತ್ತು ವರ್ಷದ ನಂತರ, 1974ರಲ್ಲಿ, ಇನ್ನೊಬ್ಬ ಸಂಶೋಧಕ ಮೈಕೆಲ್ ಬುರಾವೊಯ್ ಕೂಡ ಶಿಕಾಗೋ ಬಳಿ ಮಷೀನ್ ಆಪರೇಟರ್ ಆಗಿ ಸೇರಿದರು. ಅದು ರಾಯ್ ದುಡಿದಿದ್ದ ಕಾರ್ಖಾನೆಯೇ ಎಂದು ಅವರಿಗೆ ಆಮೇಲೆ ತಿಳಿಯಿತು. ಇಂಥ ಅದೃಷ್ಟ ಸಂಶೋಧಕರಿಗೆ ಅಪರೂಪ. ಅವರು ಪ್ರಶ್ನೆಯನ್ನೇ ತಿರುಗಿಸಿದರು: ಕಾರ್ಮಿಕರು ಯಾಕೆ ಇನ್ನೂ ಹೆಚ್ಚು ದುಡಿಯುವುದಿಲ್ಲ ಎನ್ನುವುದಿರಲಿ, ಇಷ್ಟಾದರೂ ಯಾಕೆ ದುಡಿಯುತ್ತಾರೆ? ತಮ್ಮ 1979ರ ಪುಸ್ತಕದಲ್ಲಿ ಅವರು ಕೊಟ್ಟ ಉತ್ತರ: ಕೋಟಾ ಮುಟ್ಟುವುದು ಒಂದು ಆಟವಾಗಿಬಿಟ್ಟಿತ್ತು. ಉಪಕರಣ ಕೊಡುವವನು, ಸಾಮಾನು ತಂದುಹಾಕುವವನು, ತಪಾಸಣೆ ಮಾಡುವವನು, ಎಲ್ಲರನ್ನೂ ಒಲಿಸಿಕೊಂಡರೆ ಮಾತ್ರ ಗೆಲುವು. ಆಟದಲ್ಲಿ ಹೊತ್ತು ಹೋಗುತ್ತದೆ, ದಣಿವು ಮರೆಯುತ್ತದೆ, ಗೆದ್ದವನಿಗೆ ಮರ್ಯಾದೆ ಸಿಗುತ್ತದೆ. ಆದರೆ ಆಟಕ್ಕೆ ಇಳಿದವನು ಅದರ ನಿಯಮಗಳನ್ನೂ ಒಪ್ಪಿಕೊಂಡಂತೆ. ಲಾಭ ಕಂಪನಿಗೆ.

ಇದು ಹಳೆಯ ಕಥೆಯಷ್ಟೇ ಅಲ್ಲ. ಊಟ, ಸರಕುಗಳನ್ನು ಮನೆಗೆ ತಲುಪಿಸುವ ಹುಡುಗರನ್ನು ಗಮನಿಸಿ. ಇನ್ನೆರಡು ಆರ್ಡರ್ ಆದರೆ ಇನ್ಸೆಂಟಿವ್ ಎಂದು ಮಳೆಯಲ್ಲೂ ಬೈಕ್ ಓಡಿಸುವವನ ಹಿಂದೆ ಇರುವುದು ಇದೇ ಆಟ. ದರ ಕಟ್ಟುವವನು ಎದುರಿಗಿಲ್ಲ, ಮೊಬೈಲಿನೊಳಗಿದ್ದಾನೆ ಎಂಬುದಷ್ಟೇ ವ್ಯತ್ಯಾಸ.

ಕಾರ್ಖಾನೆಯ ಗೇಟಿನೊಳಗೇ ನೋಡುತ್ತಿದ್ದರೆ ದುಡಿಮೆಯ ಒಂದು ದೊಡ್ಡ ಪಾಲು ತಪ್ಪಿಹೋಗುತ್ತದೆ. ದಕ್ಷಿಣ ಕನ್ನಡದ ಬೀಡಿ ಕೆಲಸವೂ ಪೀಸ್ ರೇಟೇ, ಸಾವಿರ ಬೀಡಿಗೆ ಇಷ್ಟು ಎಂದು. ಆದರೆ ಎಲೆ ನೆನೆಸುವುದು, ಕತ್ತರಿಸುವುದು, ಕಟ್ಟುವುದು ನಡೆಯುವುದು ಮನೆಯಲ್ಲಿ, ಅಡುಗೆ ಮತ್ತು ಮಕ್ಕಳ ನಡುವೆ. ಕೈಜೋಡಿಸಿದ ಮನೆಯವರ ಹೊತ್ತಿಗೆ ಬೇರೆ ಕೂಲಿಯಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಬುರಾವೊಯ್ ಅವರ ಪುಸ್ತಕದಲ್ಲಿ ಈ ಮನೆಯ ಪಾಲಿಗೆ ಹೆಚ್ಚು ಜಾಗವಿಲ್ಲ. ಅದು ಅದರ ಕೊರತೆ.

ನೀವೇ ಒಂದು ಹೋಟೆಲನ್ನೋ ಗಾರ್ಮೆಂಟ್ಸನ್ನೋ ಅಧ್ಯಯನ ಮಾಡಬೇಕೆಂದಿದ್ದರೆ ಮೊದಲು ಸಂಬಳದ ಚೀಟಿ ಅರ್ಥಮಾಡಿಕೊಳ್ಳಿ: ಯಾವುದಕ್ಕೆ ದುಡ್ಡು, ಯಾವುದಕ್ಕೆ ಕಡಿತ, ಕಾಯುವ ಹೊತ್ತು ಯಾರ ಖಾತೆಗೆ. ನಿಯಮದ ಪುಸ್ತಕದಲ್ಲಿಲ್ಲದ ಸಹಾಯ ಯಾರಿಂದ ಯಾರಿಗೆ ಹೋಗುತ್ತದೆ ನೋಡಿ. ಬರೆಯುವಾಗ ಹೆಸರು ಬದಲಿಸಿ. ರಾಯ್ ಮತ್ತು ಬುರಾವೊಯ್ ಇಬ್ಬರೂ ಕಂಪನಿಗೆ ಸುಳ್ಳು ಹೆಸರು ಇಟ್ಟಿದ್ದರು. ‘ಕೆಲಸ ಇಷ್ಟವಾ?’ ಎಂದು ಮಾತ್ರ ಕೇಳಬೇಡಿ, ‘ಹೂಂ’ ಎಂದು ಸುಮ್ಮನಾಗುತ್ತಾರೆ. ‘ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ.