ಶೀತಲಗೃಹದಲ್ಲಿ ಸಿಹಿಯಾಗುವ ಆಲೂಗೆಡ್ಡೆ: ತಳಿಗುಣ ಮತ್ತು ದಾಸ್ತಾನಿನ ಬೆಲೆ

ಶೀತಲಗೃಹದಲ್ಲಿ ಇಟ್ಟ ಆಲೂಗೆಡ್ಡೆ ಕೆಡುವುದಿಲ್ಲ ಎಂಬುದು ವ್ಯಾಪಾರಸ್ಥರಲ್ಲಿರುವ ಸಾಮಾನ್ಯ ತಿಳಿವಳಿಕೆ. ತರಕಾರಿಯಾಗಿ ಮಾರುವವರ ಮಟ್ಟಿಗೆ ಇದು ಬಹುತೇಕ ಸರಿ. ಆದರೆ ಅದೇ ಮಾಲು ಚಿಪ್ಸ್ ಘಟಕಕ್ಕೆ ಬಂದಾಗ, ತೂಕದಲ್ಲಿ ಹೆಚ್ಚಿನ ಕೊರತೆಯಾಗಲೀ ಕೊಳೆತ ಗುರುತಾಗಲೀ ಇಲ್ಲದಿದ್ದರೂ, ಎಣ್ಣೆಗೆ ಬಿದ್ದೊಡನೆ ಕಪ್ಪಾಗಿ ಕಹಿಯಾಗುವುದುಂಟು. ಬಾಡಿಗೆ ತೆತ್ತು ಕಾಪಾಡಿದ ಮಾಲು ಹೀಗೆ ತಿರಸ್ಕೃತವಾಗಲು ಮುಖ್ಯ ಕಾರಣ ಗೆಡ್ಡೆಯ ವಂಶವಾಹಿಗಳಲ್ಲಿದೆ.

ಕಟಾವಿನ ನಂತರವೂ ಗೆಡ್ಡೆ ಜೀವಂತವಾಗಿದ್ದು ಉಸಿರಾಡುತ್ತಿರುತ್ತದೆ. ಉಷ್ಣಾಂಶವು 2ರಿಂದ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅದರ ಪಿಷ್ಟದ ಒಂದಂಶವು ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆಯಾಗಿ ಮಾರ್ಪಡುತ್ತದೆ. ಇಷ್ಟಕ್ಕೇ ನಿಂತರೆ ಚಿಪ್ಸ್‌ಗೆ ಅಂಥ ಹಾನಿಯಿಲ್ಲ. ಆದರೆ ಸುಕ್ರೋಸ್ ಜೀವಕೋಶದೊಳಗಿನ ರಸದಾನಿಯನ್ನು ಸೇರಿದಾಗ, ಅಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವು ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕರಿಯುವ ಶಾಖದಲ್ಲಿ ಇವು ಗೆಡ್ಡೆಯಲ್ಲಿಯೇ ಇರುವ ಅಮೈನೋ ಆಮ್ಲಗಳೊಡನೆ ಕೂಡಿ ಕಂದು ಬಣ್ಣವನ್ನೂ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕವನ್ನೂ ಉಂಟುಮಾಡುತ್ತವೆ. ಆಹಾರದಲ್ಲಿ ಅಕ್ರಿಲಮೈಡ್ ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದಂದಿನಿಂದ, ಇದು ಬರಿಯ ಬಣ್ಣದ ಪ್ರಶ್ನೆಯಾಗಿ ಉಳಿದಿಲ್ಲ.

ಇನ್ವರ್ಟೇಸ್ ತಯಾರಿಸುವ ವಂಶವಾಹಿಯು ಎಲ್ಲ ಆಲೂಗೆಡ್ಡೆಗಳಲ್ಲಿಯೂ ಉಂಟು. ಚಳಿ ತಗುಲಿದಾಗ ಅದು ಎಷ್ಟು ಚುರುಕಾಗುತ್ತದೆ ಎಂಬುದರಲ್ಲಿ ತಳಿಯಿಂದ ತಳಿಗೆ ಭೇದವಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಒಂದು ವಂಶವಾಹಿಯ ಕೆಲಸವನ್ನು ಅಡಗಿಸಿ ಬೆಳೆಸಿದ ಗೆಡ್ಡೆಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. 4 ಡಿಗ್ರಿಯಲ್ಲಿಟ್ಟ ಮೇಲೂ ಅವುಗಳ ಚಿಪ್ಸ್ ತಿಳಿಬಣ್ಣದಲ್ಲಿಯೇ ಉಳಿದವು; ಅಕ್ರಿಲಮೈಡ್ ಪ್ರಮಾಣ 15ರಲ್ಲಿ ಒಂದು ಪಾಲಿಗೆ ಇಳಿಯಿತು. ಭಾರತದಲ್ಲಿ ಕುಲಾಂತರಿ ಆಲೂಗೆಡ್ಡೆಯ ಬೇಸಾಯಕ್ಕೆ ಅನುಮತಿ ಇಲ್ಲವಾದ್ದರಿಂದ, ಇಲ್ಲಿನ ಉದ್ದಿಮೆದಾರರು ಸಾಂಪ್ರದಾಯಿಕ ಸಂಕರಣದ ತಳಿಗಳನ್ನೇ ಅವಲಂಬಿಸಬೇಕಾಗಿದೆ.

ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು 1998ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಚಿಪ್ಸೋನಾ-1 ಮತ್ತು 2 ಚಿಪ್ಸ್‌ಗೆಂದೇ ರೂಪಿಸಿದ ತಳಿಗಳು. ಘನಾಂಶ ಹೆಚ್ಚು, ಕಂದುಗಟ್ಟಿಸುವ ಸಕ್ಕರೆ ಕಡಿಮೆ. ಆದರೆ ಇವನ್ನೂ 4 ಡಿಗ್ರಿಯ ಕೋಣೆಗೆ ನೂಕುವಂತಿಲ್ಲ. 10ರಿಂದ 12 ಡಿಗ್ರಿಯಲ್ಲಿಡುವುದೇ ರೂಢಿ. ಆ ಉಷ್ಣಾಂಶದಲ್ಲಿ ಮೊಳಕೆಯೊಡೆಯುವುದರಿಂದ ಸಿಐಪಿಸಿ ಎಂಬ ಮೊಳಕೆನಿರೋಧಕವನ್ನು ಬಳಸುತ್ತಾರೆ. ಐರೋಪ್ಯ ಒಕ್ಕೂಟವು 2019ರಲ್ಲಿ ಇದರ ಅನುಮತಿಯನ್ನು ನವೀಕರಿಸದೆ ಬಿಟ್ಟಿದ್ದನ್ನು ರಫ್ತುದಾರರು ಗಮನದಲ್ಲಿಡತಕ್ಕದ್ದು. ಹಾಸನ ಜಿಲ್ಲೆಯ ಮುಂಗಾರು ಬೆಳೆಗೆಂದು ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಯ ಮಾತು ಬೇರೆ. ಅದನ್ನು ಯಾರೂ ಕರಿಯುವುದಿಲ್ಲವಾದ್ದರಿಂದ 2ರಿಂದ 4 ಡಿಗ್ರಿಯೇ ಯುಕ್ತ.

ಆದ್ದರಿಂದ ಚಿಪ್ಸ್ ಘಟಕದವರು ಖರೀದಿ ಆದೇಶದಲ್ಲಿ ತೂಕ, ಗಾತ್ರ, ದರಗಳ ಜೊತೆಗೆ ತಳಿಯ ಹೆಸರನ್ನೂ ಸಂಗ್ರಹಿಸಿದ ಉಷ್ಣಾಂಶವನ್ನೂ ನಮೂದಿಸುವುದು ಒಳಿತು. 100 ಗ್ರಾಂ ಹಸಿಗೆಡ್ಡೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸೇರಿ 100 ಮಿಲಿಗ್ರಾಂ ಮೀರಬಾರದೆಂಬುದು ಚಿಪ್ಸ್‌ಗೆ ಸಾಮಾನ್ಯವಾಗಿ ಹೇಳುವ ಮಿತಿ. ಪ್ರಯೋಗಾಲಯ ಹತ್ತಿರವಿಲ್ಲದವರು ಪ್ರತಿ ಲಾಟಿನಿಂದ ಕೆಲವು ಗೆಡ್ಡೆಗಳನ್ನು ಕರಿದು ನೋಡಿದರೂ ಸಾಕಷ್ಟು ತಿಳಿಯುತ್ತದೆ. ಸಿಹಿಯಾದ ಗೆಡ್ಡೆಯನ್ನು 15ರಿಂದ 20 ಡಿಗ್ರಿಯಲ್ಲಿ ಎರಡು ಮೂರು ವಾರ ಇಟ್ಟರೆ ಸಕ್ಕರೆ ಸ್ವಲ್ಪಮಟ್ಟಿಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದೂ ತಳಿಗುಣವೇ. ಜೊತೆಗೆ ತೂಕದ ನಷ್ಟವನ್ನೂ ಮೊಳಕೆಯನ್ನೂ ಖರ್ಚಿಗೆ ಹಿಡಿಯಬೇಕು.

ಇನ್ನು ಲೆಕ್ಕಪತ್ರದ ವಿಚಾರ. ಲೆಕ್ಕಪತ್ರ ಮಾನಕ 2ರಂತೆ ದಾಸ್ತಾನನ್ನು ಅಸಲು ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಚಿಪ್ಸ್ ದರದಲ್ಲಿ ಕೊಂಡು ಮಾರುವ ವ್ಯಾಪಾರಿಯ ಮಾಲು ತರಕಾರಿ ದರಕ್ಕೆ ಇಳಿದಿದ್ದರೂ, ಚೀಲಗಳ ಎಣಿಕೆ ಸರಿಯಾಗಿದೆಯೆಂದು ಬ್ಯಾಂಕಿಗೆ ಸಲ್ಲಿಸುವ ತಿಂಗಳ ದಾಸ್ತಾನು ಪಟ್ಟಿಯಲ್ಲಿ ಹಳೆಯ ಬೆಲೆಯನ್ನೇ ಬರೆಯುವುದು ಹಲವೆಡೆ ಕಂಡುಬರುವ ಲೋಪ. ಕರಿದು ನೋಡಿದ ದಿನಾಂಕ, ತಳಿ ಮತ್ತು ಫಲಿತಾಂಶವನ್ನು ಲಾಟುವಾರು ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟರೆ, ಬೆಲೆ ಇಳಿಸಿ ತೋರಿಸಲು ಲೆಕ್ಕ ಪರಿಶೋಧಕರ ಮುಂದೆ ಆಧಾರ ದೊರೆಯುತ್ತದೆ.