ದೇವರ ನ್ಯಾಯ, ಮನುಷ್ಯನ ಬಾಕಿ

ಹಾನಗಲ್ಲಿನಲ್ಲೋ ಸವಣೂರಿನಲ್ಲೋ ಮುಸ್ಲಿಂ ಗೆಳೆಯರ ಮನೆಯ ಮಣ್ಣಿಗೆ ಹೋದವರು ಈ ಮಾತು ಕೇಳಿರಬಹುದು: ತೀರಿಕೊಂಡವರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ಮನೆಯವರನ್ನು ಕಾಣಿರಿ, ಇಲ್ಲವೇ ಮಾಫಿ ಮಾಡಿರಿ. ಜನಾಜಾ ನಮಾಜಿನ ಹೊತ್ತಿಗೆ ಹೇಳುವ ಈ ಮಾತು ಬರೀ ಸೌಜನ್ಯವಲ್ಲ. ಪರಲೋಕದ ವಿಚಾರಣೆ ಹೇಗೆ ನಡೆಯುತ್ತದೆಂಬ ಇಸ್ಲಾಮಿನ ತಿಳಿವಳಿಕೆಯೇ ಅದರ ಹಿಂದಿದೆ.

ಮನುಷ್ಯನ ಹೆಸರಿನಲ್ಲಿ ಎರಡು ಖಾತೆಗಳಿವೆ. ಒಂದು ದೇವರ ಹಕ್ಕು: ನಮಾಜ್, ರೋಜಾ ಮೊದಲಾದವು. ಇದರಲ್ಲಿ ತಪ್ಪಿದವನು ಪಶ್ಚಾತ್ತಾಪಪಟ್ಟರೆ ದೇವರು ಕ್ಷಮಿಸಬಲ್ಲ. ಇನ್ನೊಂದು ಜನರ ಹಕ್ಕು. ಪಕ್ಕದವನ ಹೊಲದ ಬದು ಒತ್ತಿದ್ದರೆ, ಗೋವಿನಜೋಳದ ತೂಕದಲ್ಲಿ ಮೋಸ ಮಾಡಿದ್ದರೆ, ಆಡಬಾರದ ಮಾತು ಆಡಿದ್ದರೆ, ನೊಂದವನಿಗೆ ಅದು ಸಲ್ಲಬೇಕು, ಇಲ್ಲವೇ ಅವನೇ ಕ್ಷಮಿಸಬೇಕು. ಗೇಣು ಭೂಮಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುತ್ತದೆಂದು ಪ್ರವಾದಿಯವರು ಎಚ್ಚರಿಸಿದ್ದಾರೆ. ನಿಜವಾದ ದಿವಾಳಿಕೋರ ಯಾರೆಂಬುದನ್ನೂ ಅವರು ತಿಳಿಸಿದ್ದಾರೆ: ರಾಶಿ ಪುಣ್ಯದೊಂದಿಗೆ ಬಂದು, ತಾನು ನೋಯಿಸಿದವರಿಗೆಲ್ಲ ಅದನ್ನು ಹಂಚಿಕೊಟ್ಟು, ಅದೂ ಸಾಲದೆ ಅವರ ಪಾಪ ಹೊತ್ತು ಹೋಗುವವನು. ನನ್ನ ಮಟ್ಟಿಗೆ ಇಸ್ಲಾಮಿನ ನೀತಿಯ ಹೃದಯ ಇಲ್ಲಿದೆ. ಪೂಜೆ ಎಷ್ಟಾದರೂ ಅನ್ಯಾಯಕ್ಕೆ ಪರಿಹಾರವಾಗುವುದಿಲ್ಲ.

ಹಾಗಾದರೆ ಎಲ್ಲವೂ ದೇವರ ಇಚ್ಛೆಯಂತೆ ನಡೆಯುವಾಗ ಮನುಷ್ಯನನ್ನು ಲೆಕ್ಕ ಕೇಳುವುದೇಕೆ? ಈ ಪ್ರಶ್ನೆ ಹಳೆಯದು. ನಮ್ಮ ಕಡೆ ಮೊಹರಂನಲ್ಲಿ ಹಿಂದೂ, ಮುಸ್ಲಿಮರಿಬ್ಬರೂ ರಿವಾಯತ್ ಪದ ಹಾಡುತ್ತಾರೆ; ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಶರೀಫರೂ (1819–1889) ಅಂಥ ಪದ ಕಟ್ಟಿದ್ದಾರೆ. ಆ ಪದಗಳು ಹಾಡುವ, ಪ್ರವಾದಿಯವರ ಮೊಮ್ಮಗ ಮಡಿದ ಕರ್ಬಲಾ ಯುದ್ಧ ನಡೆದದ್ದು 680ರಲ್ಲಿ. ಅನಂತರದ ದಶಕಗಳಲ್ಲಿ ಉಮಯ್ಯದ್ ಆಳ್ವಿಕೆಯ ಅನ್ಯಾಯಕ್ಕೆ ದೈವೇಚ್ಛೆಯೆಂಬ ಸಮರ್ಥನೆ ಬಂದಾಗ, ಮಾಡಿದವನೇ ಹೊಣೆಯೆಂದು ಹಲವು ಪಂಡಿತರು ಪ್ರತಿಭಟಿಸಿದರು. ಮುತಜಿಲಾ ಪಂಥದವರು ಇನ್ನೂ ಮುಂದೆ ಹೋಗಿ, ಒಳಿತು ಕೆಡುಕು ಬುದ್ಧಿಗೇ ತಿಳಿಯುತ್ತದೆ, ದೇವರು ಅನ್ಯಾಯ ಮಾಡಲಾರ ಎಂದರು. ಮೊದಲು ಅವರಲ್ಲೇ ಇದ್ದ ಅಶರಿ ಎಂಬ ಪಂಡಿತರು ಒಪ್ಪಲಿಲ್ಲ: ದೇವರ ಮೇಲೆ ಕಾಯಿದೆ ಹೇರುವವರು ಯಾರು? ಅವನು ಆಜ್ಞಾಪಿಸಿದ್ದೇ ಒಳಿತು. ಸಮರಕಂದಿನ ಮಾತುರೀದಿ (ನಿಧನ 944) ನಡುದಾರಿ ಹಿಡಿದರು. ಬುದ್ಧಿಗೆ ಒಳಿತು ಕೆಡುಕು ಕಾಣುತ್ತದೆ. ಕೃತ್ಯವನ್ನು ಸೃಷ್ಟಿಸುವವನು ದೇವರಾದರೂ ಆಯ್ಕೆ ಮನುಷ್ಯನದು, ಆದ್ದರಿಂದ ಹೊಣೆಯೂ ಅವನದು. ಭಾರತದ ಹನಫಿ ಪಂಥದ ಮುಸ್ಲಿಮರಲ್ಲಿ ಹೆಚ್ಚಾಗಿ ನಡೆದುಬಂದದ್ದು ಈ ಮತ. ದೇವರನ್ನು ಪ್ರಶ್ನಿಸುವವರಿಲ್ಲ, ಆದರೆ ಕರುಣೆಯನ್ನು ಅವನು ತನಗೆ ತಾನೇ ವಿಧಿಸಿಕೊಂಡಿದ್ದಾನೆ, ಅನ್ಯಾಯವನ್ನು ತನಗೆ ತಾನೇ ನಿಷೇಧಿಸಿಕೊಂಡಿದ್ದಾನೆ ಎಂಬುದು ವಿಶ್ವಾಸಿಗಳ ಭರವಸೆ.

ಜಕಾತ್ ಎಂಬ ಕಡ್ಡಾಯ ದಾನ ಮೊದಲು ಹೇಳಿದ ಎರಡೂ ಖಾತೆಗಳಿಗೆ ಸೇರಿದ್ದು. ದೇವರ ಆಜ್ಞೆ, ಬಡವರ ಹಕ್ಕು. ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಚಾಂದ್ರಮಾನದ ಒಂದು ವರ್ಷ ಇದ್ದರೆ ಶೇ. 2.5, ಅಂದರೆ ಲಕ್ಷಕ್ಕೆ 2,500 ರೂಪಾಯಿ. ಬೆಳೆಯ ಲೆಕ್ಕ ಬೇರೆ: ಮಳೆಯಾಶ್ರಿತ ಹೊಲಕ್ಕೆ ಹತ್ತನೆಯ ಒಂದು ಪಾಲು, ನೀರೆತ್ತಿ ಹಾಯಿಸಿದ್ದಕ್ಕೆ ಅದರ ಅರ್ಧ. ರೈತನ ಖರ್ಚು ಶ್ರಮ ನೋಡಿಯೇ ಮಾಡಿದ ವ್ಯತ್ಯಾಸ ಅದು.

ತೀರಿಕೊಂಡವರ ಆಸ್ತಿ ಹಂಚುವಾಗಲೂ ವಾರಸುದಾರರಿಗಿಂತ ಮೊದಲು ಜನರ ಬಾಕಿ. ಮೊದಲು ಮಣ್ಣಿನ ಖರ್ಚು, ಆಮೇಲೆ ಸಾಲ. ಹೆಂಡತಿಗೆ ಕೊಡದೆ ಉಳಿಸಿದ ಮೆಹರ್ (ವಿವಾಹಧನ) ಕೂಡ ಸಾಲವೇ. ನಂತರ ಮೂರನೆಯ ಒಂದು ಭಾಗ ಮೀರದಂತೆ ಮೃತ್ಯುಪತ್ರದ ಪಾಲು, ಕೊನೆಗೆ ವಾರಸುದಾರರದು. ಸಾಲ ಕೊಟ್ಟವನೇ ತೀರಿಹೋಗಿದ್ದರೆ ಅವನ ವಾರಸುದಾರರಿಗೆ ಕೊಡಬೇಕು. ಅವರೂ ಸಿಗದಿದ್ದರೆ ಅಷ್ಟು ಹಣವನ್ನು ಅವನ ಹೆಸರಿನಲ್ಲಿ ಬಡವರಿಗೆ ದಾನ ಮಾಡಬೇಕು.